ಫಿಲಿಪೀನ್ಸ್‌ನ ಪುಟ್ಟ ದ್ವೀಪ ಪುರಸಭೆ: ಅದರ ಚರಿತ್ರೆ, ಆಡಳಿತ ಬರೆಯುವ ಬಗೆ

ಬೊರಾಕೈ ಹೆಸರು ಕೇಳದವರು ಕಡಿಮೆ. ಆದರೆ ಬೊರಾಕೈ ಎಂಬ ಪುರಸಭೆ ಇಲ್ಲವೇ ಇಲ್ಲ. ಆ ದ್ವೀಪ ಅಕ್ಲಾನ್ ಪ್ರಾಂತ್ಯದ ಮಲೈ ಪುರಸಭೆಗೆ ಸೇರಿದ ಮೂರು ಬಾರಂಗಾಯ್‌ಗಳು ಮಾತ್ರ: ಬಲಬಾಗ್, ಮಾನೋಕ್-ಮಾನೋಕ್, ಯಾಪಾಕ್. ಬಾರಂಗಾಯ್ ಎಂದರೆ ಪುರಸಭೆಯ ಒಳಗಿನ ಅತಿ ಚಿಕ್ಕ ಆಡಳಿತ ಘಟಕ. ಸಾಗರ ಸಂರಕ್ಷಣೆಗೆ ಹೆಸರಾದ ಆಪೊ ದ್ವೀಪವೂ ಹಾಗೆಯೇ, ನೆಗ್ರೋಸ್ ಓರಿಯೆಂಟಲ್‌ನ ದಾವುಯಿನ್ ಪುರಸಭೆಯ ಒಂದು ಬಾರಂಗಾಯ್. ಇತ್ತ ಪಲವಾನ್ ಪ್ರಾಂತ್ಯದ ಕಲಯಾನ್ ನೋಡಿ. 2020ರ ಗಣತಿಯಲ್ಲಿ ಅಲ್ಲಿ ಸಿಕ್ಕವರು 193 ಜನ, ಇರುವುದು ಪಾಗ್-ಆಸಾ ಎಂಬ ಒಂದೇ ಬಾರಂಗಾಯ್. ಆದರೂ ಅದು ಮೇಯರ್, ಸಭೆ, ಬಜೆಟ್ ಎಲ್ಲ ಇರುವ ಪೂರ್ಣ ಪುರಸಭೆ.

ಇಂಥ ಒಂದು ದ್ವೀಪದ ಬಗ್ಗೆ ಬರೆಯಲು ಹೊರಟವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ದ್ವೀಪ, ಅದರ ಮೇಲಿನ ಊರು, ಕಾನೂನಿನಿಂದ ಹುಟ್ಟಿದ ಪುರಸಭೆ, ಈ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ವಯಸ್ಸು, ಬೇರೆ ಬೇರೆ ದಾಖಲೆ ಇರುತ್ತವೆ. ಪುರಸಭೆ ಎಂದಾಕ್ಷಣ ಪೇಟೆಬೀದಿಯನ್ನೂ ಕಲ್ಪಿಸಿಕೊಳ್ಳಬೇಡಿ. ಪೊಬ್ಲಾಸಿಯೋನ್ ಎಂಬ ನಡು ಊರು, ಹಳ್ಳಿಗಳು, ತೆಂಗಿನ ತೋಟ, ಗುಡ್ಡ ಎಲ್ಲವೂ ಅದರೊಳಗೇ ಇವೆ. ಸುತ್ತಲಿನ ಸಮುದ್ರದ ಒಂದು ಪಟ್ಟಿಯೂ ಅದರ ಅಧಿಕಾರದೊಳಗೇ ಬರುತ್ತದೆ.

ಮೊದಲು ಹೆಸರು

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ದ್ವೀಪದ ಹೆಸರು, ಪುರಸಭೆಯ ಈಗಿನ ಹೆಸರು, ಹಳೆಯ ಹೆಸರುಗಳು, ಜನ ಬಾಯಲ್ಲಿ ಕರೆಯುವ ಹೆಸರು. ರೊಂಬ್ಲೋನ್ ಪ್ರಾಂತ್ಯದ ಕಾನ್ಸೆಪ್ಸಿಯೋನ್ ಪುರಸಭೆ ಇರುವುದು ಮಾಯೆಸ್ತ್ರೆ ದೆ ಕಾಂಪೊ ದ್ವೀಪದಲ್ಲಿ, ಜನ ಅದನ್ನು ಸಿಬಾಲೆ ಎನ್ನುತ್ತಾರೆ. ಪಕ್ಕದ ಕೊರ್ಕುವೆರಾ ಪುರಸಭೆ ಇರುವ ದ್ವೀಪ ಸಿಮಾರಾ. ತಾವಿ-ತಾವಿಯ ಮಾಪುನ್ ಹಿಂದೆ ಕಗಾಯಾನ್ ದೆ ತಾವಿ-ತಾವಿ, ಅದಕ್ಕೂ ಹಿಂದೆ ಕಗಾಯಾನ್ ದೆ ಸುಲು ಆಗಿತ್ತು. ಈ ಪಟ್ಟಿ ಇಲ್ಲದೆ ಹುಡುಕಿದರೆ ಅರ್ಧ ದಾಖಲೆ ಕೈಗೆ ಸಿಗುವುದಿಲ್ಲ. ಸಿಕ್ಕ ಅರ್ಧದಲ್ಲೂ ಒಂದಿಷ್ಟು ಬೇರೆ ಊರಿನದಿರುತ್ತದೆ, ಏಕೆಂದರೆ ಕಾನ್ಸೆಪ್ಸಿಯೋನ್ ಎಂಬ ಪುರಸಭೆ ಇಲೊಯಿಲೊ ಮತ್ತು ತಾರ್ಲಾಕ್‌ನಲ್ಲೂ ಇದೆ. ಸಾನ್ ಫ್ರಾನ್ಸಿಸ್ಕೊ, ಪಿಲಾರ್, ಸಾಂತಾ ಫೆಗಳ ಪಾಡೂ ಇದೇ. ಪ್ರಾಂತ್ಯದ ಹೆಸರನ್ನು ಜೊತೆಗಿಡದೆ ಯಾವುದನ್ನೂ ಹುಡುಕಬೇಡಿ.

ಇವತ್ತಿನ ಗುರುತಿಗೆ ಫಿಲಿಪೀನ್ಸ್ ಅಂಕಿಅಂಶ ಪ್ರಾಧಿಕಾರದ ಭೌಗೋಳಿಕ ಸಂಕೇತ ಸಂಖ್ಯೆ ಇದೆ. ಈಗ ಅದು 10 ಅಂಕಿಯದು: ವಲಯಕ್ಕೆ 2, ಪ್ರಾಂತ್ಯಕ್ಕೆ 3, ಪುರಸಭೆಗೆ 2, ಬಾರಂಗಾಯ್‌ಗೆ 3. ಹಿಂದಿನದು 9 ಅಂಕಿಯದು. ಹಳೆಯ ಪಟ್ಟಿಗೂ ಹೊಸದಕ್ಕೂ ತಾಳೆ ಬೀಳದಿರಲು ಇದೇ ಕಾರಣ. ಇನ್ನೊಂದು ಸಣ್ಣ ಕಾಟವೂ ಉಂಟು. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಸಂಖ್ಯೆಯ ಮೊದಲ ಸೊನ್ನೆ ಹಾರಿಹೋಗುತ್ತದೆ, 1ರಿಂದ 9ರವರೆಗಿನ ವಲಯಗಳೆಲ್ಲ ಕೆಡುತ್ತವೆ. ಆ ಕಾಲಂ ಅನ್ನು ಮೊದಲೇ ಪಠ್ಯ ಎಂದು ನಿಗದಿಮಾಡಿ ತೆರೆಯಿರಿ.

ಹುಟ್ಟಿದ ದಿನ ಒಂದಲ್ಲ

“ಈ ಪುರಸಭೆ ಯಾವಾಗ ಸ್ಥಾಪನೆಯಾಯಿತು?” ಎಂದು ಕೇಳಿದರೆ ಒಂದೇ ದ್ವೀಪದಲ್ಲಿ ನಾಲ್ಕು ಉತ್ತರ ಬರುತ್ತವೆ, ಹಲವು ಸಲ ನಾಲ್ಕೂ ಸರಿಯಿರುತ್ತವೆ. ಪಾದ್ರಿಯ ಉತ್ತರ ಪ್ಯಾರಿಷ್ ಶುರುವಾದ ವರ್ಷ. ಶಾಲೆಯ ಮೇಷ್ಟ್ರು ಹೇಳುವುದು ಸ್ಪೇನ್ ಕಾಲದಲ್ಲಿ ಅದು ಪುವೆಬ್ಲೊ, ಅಂದರೆ ತನ್ನದೇ ಆಡಳಿತದ ಊರು, ಆದ ವರ್ಷ. ಪುರಭವನದ ಗೋಡೆಯ ಮೇಲಿರುವುದು ಊರಹಬ್ಬದ ದಿನ. ಕಾನೂನು ಪುಸ್ತಕದಲ್ಲಿ ಇರುವುದು ಕಾಯಿದೆಯ ದಿನಾಂಕ. ಒಂದನ್ನು ಆರಿಸಿ ಉಳಿದವನ್ನು ಬಿಸಾಡುವುದು ತಪ್ಪು. ಪ್ರತಿ ದಿನಾಂಕದ ಪಕ್ಕದಲ್ಲಿ ಅದು ಯಾವುದರ ದಿನಾಂಕ ಎಂದು ಬರೆಯಿರಿ.

ಅಡಿಪಾಯದ ಕಾಲರೇಖೆ ಹೀಗಿದೆ. ಸ್ಪೇನ್ ಆಳ್ವಿಕೆಯಲ್ಲಿ ಚದುರಿದ ಮನೆಗಳನ್ನು ಚರ್ಚಿನ ಗಂಟೆ ಕೇಳುವಷ್ಟು ಹತ್ತಿರಕ್ಕೆ ತರುವ ರೆದುಕ್ಸಿಯೋನ್ ನಡೆಯಿತು. ಪಾದ್ರಿ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಊರು ವಿಸಿತಾ ಎನಿಸಿತು, ತನ್ನದೇ ಆಡಳಿತ ಪಡೆದದ್ದು ಪುವೆಬ್ಲೊ ಆಯಿತು. ಪುವೆಬ್ಲೊಗೆ ಗೊಬೆರ್ನಾದೊರ್ಸಿಯೊ ಮುಖ್ಯಸ್ಥ, ಅವನ ಕೆಳಗೆ ತೆರಿಗೆ ಎತ್ತುವ ಕಬೇಸಾ ದೆ ಬಾರಂಗಾಯ್. 1893ರ ಮೌರಾ ಕಾನೂನು ಈ ಮುಖ್ಯಸ್ಥನನ್ನು ಕಪಿತಾನ್ ಮುನಿಸಿಪಾಲ್ ಮಾಡಿತು. ಅಮೆರಿಕನ್ನರು 1901ರ ಜನವರಿ 31ರ ಕಾಯಿದೆ 82ರ ಮೂಲಕ ಪುರಸಭಾ ಸಂಹಿತೆ ತಂದರು. ಅದರ ಬೆನ್ನಿಗೇ ಚಿಕ್ಕ ಪುವೆಬ್ಲೊಗಳನ್ನು ದೊಡ್ಡದಕ್ಕೆ ಸೇರಿಸುವ ಕೆಲಸ ನಡೆಯಿತು. ಹೀಗಾಗಿ ಸ್ಪೇನ್ ಕಾಲದಲ್ಲಿ ಪುವೆಬ್ಲೊ ಆಗಿದ್ದ ದ್ವೀಪ 1903ರ ಹೊತ್ತಿಗೆ ಯಾವುದೋ ಊರಿನ ಬಾರಿಯೊ, ಅಂದರೆ ಅದಕ್ಕೆ ಸೇರಿದ ಹಳ್ಳಿ, ಆಗಿ ಕಂಡರೆ ಗಾಬರಿಯಾಗಬೇಡಿ, ಅದು ಗಣತಿಯ ತಪ್ಪಲ್ಲ.

ಇಂಥ ಏರಿಳಿತಕ್ಕೆ ರೊಂಬ್ಲೋನ್‌ಗಿಂತ ಒಳ್ಳೆಯ ಪಾಠವಿಲ್ಲ. ಈ ಪ್ರಾಂತ್ಯವೇ 1907ರಲ್ಲಿ ಕಾಪಿಸ್‌ನ ಉಪಪ್ರಾಂತ್ಯವಾಗಿ ಇಳಿದು, ಹತ್ತು ವರ್ಷದ ಮೇಲೆ ಮತ್ತೆ ಸ್ವತಂತ್ರವಾಯಿತು. 1940ರಲ್ಲಿ ಕಾಮನ್‌ವೆಲ್ತ್ (ಅಮೆರಿಕದ ಕೆಳಗಿನ ಸ್ವಯಮಾಡಳಿತ ಸರ್ಕಾರ) ಕಾಯಿದೆ 581 ಅಲ್ಲಿದ್ದ ಪುರಸಭೆಗಳನ್ನೆಲ್ಲ ರದ್ದುಮಾಡಿ ನಾಲ್ಕೇ ವಿಶೇಷ ಪುರಸಭೆಗಳನ್ನು ಮಾಡಿತು: ತಾಬ್ಲಾಸ್, ರೊಂಬ್ಲೋನ್, ಸಿಬುಯಾನ್ ಮತ್ತು ಮಘಾಲಿ. ಬಾಂಟೋನ್, ಕೊರ್ಕುವೆರಾ, ಕಾನ್ಸೆಪ್ಸಿಯೋನ್ ಮೂರೂ ಸೇರಿ ಮಘಾಲಿ ಆದವು. 1946ರಲ್ಲಿ ಗಣರಾಜ್ಯ ಕಾಯಿದೆ 38 ಹಳೆಯ ಪುರಸಭೆಗಳನ್ನು ಮರಳಿಸಿತು. ಈ ಆರು ವರ್ಷದ ಕಾಗದಗಳಲ್ಲಿ ಬಾಂಟೋನ್ ಎಂದು ಹುಡುಕುವವರಿಗೆ ಏನೂ ಸಿಗದಿದ್ದರೆ ದಾಖಲೆ ಸುಟ್ಟುಹೋಯಿತೆಂದು ಬರೆದು ಮುಗಿಸಬೇಡಿ, ಮಘಾಲಿ ಎಂದು ಹುಡುಕಿ.

“1898ರಲ್ಲಿ ಸ್ಪೇನ್ ದ್ವೀಪವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು” ಎಂಬ ಸಿದ್ಧವಾಕ್ಯವನ್ನೂ ಕಣ್ಣುಮುಚ್ಚಿ ಅಂಟಿಸಬೇಡಿ. ಪ್ಯಾರಿಸ್ ಒಪ್ಪಂದದ ಗಡಿರೇಖೆಯ ಆಚೆ ಉಳಿದ ಕಗಾಯಾನ್ ದೆ ಸುಲು ಮತ್ತು ಸಿಬುತು ಅಮೆರಿಕದ ಕೈಸೇರಿದ್ದು 1900ರ ನವೆಂಬರ್ 7ರ ವಾಷಿಂಗ್ಟನ್ ಒಪ್ಪಂದದಿಂದ, 1,00,000 ಡಾಲರ್‌ಗೆ. ತಾವಿ-ತಾವಿಯ ಟರ್ಟಲ್ ದ್ವೀಪಗಳ ಆಡಳಿತ ಬ್ರಿಟಿಷರಿಂದ ಫಿಲಿಪೀನ್ಸ್‌ಗೆ ಬಂದದ್ದು 1947ರಲ್ಲಿ.

ಸ್ವಾತಂತ್ರ್ಯದ ನಂತರದ ದೊಡ್ಡ ಗುಂಡಿ 1964. ಆ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮಕಪಗಾಲ್ ಬರೀ ಆದೇಶಗಳಿಂದ 33 ಪುರಸಭೆಗಳನ್ನು ಸೃಷ್ಟಿಸಿದರು. ಉಪಾಧ್ಯಕ್ಷ ಪೆಲಾಯೆಸ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1965ರ ಡಿಸೆಂಬರ್ 24ರಂದು ಅವು ಅಸಿಂಧು ಎಂದಿತು, ಪುರಸಭೆ ಸೃಷ್ಟಿಸುವುದು ಶಾಸಕಾಂಗದ ಕೆಲಸ. ಆಮೇಲೆ 1991ರ ಸ್ಥಳೀಯ ಸರ್ಕಾರ ಸಂಹಿತೆ, ಅಂದರೆ ಗಣರಾಜ್ಯ ಕಾಯಿದೆ 7160, ತನ್ನ 442ನೇ ಕಲಮಿನಲ್ಲಿ ಒಂದು ದಾರಿ ತೆರೆಯಿತು. ಅಧ್ಯಕ್ಷೀಯ ಆದೇಶದಿಂದ ಹುಟ್ಟಿ, ಸಂಹಿತೆ ಜಾರಿಯಾಗುವಾಗ ಚುನಾಯಿತ ಪದಾಧಿಕಾರಿಗಳಿದ್ದ ಪುರಸಭಾ ಜಿಲ್ಲೆಗಳು ಇನ್ನು ಮುಂದೆ ಕ್ರಮಬದ್ಧ ಪುರಸಭೆಗಳೇ. ನಿಮ್ಮ ದ್ವೀಪದ ಹುಟ್ಟು ಕಾರ್ಯಕಾರಿ ಆದೇಶದಿಂದ ಎಂದು ಕಂಡರೆ ಆದೇಶದ ವರ್ಷ, ರದ್ದಾಗಿದ್ದರೆ ಅದರ ವರ್ಷ, ಮತ್ತೆ ಮಾನ್ಯವಾದ ಬಗೆ, ಮೂರನ್ನೂ ಕೊಡಿ. ಅಧ್ಯಕ್ಷ ಮಾರ್ಕೋಸ್ ಹೇರಿದ ಸೈನಿಕ ಕಾನೂನಿನ (1972–81) ಕಾಲದವು ಇನ್ನೊಂದು ಬಗೆ. ಕಲಯಾನ್ ಹುಟ್ಟಿದ್ದು 1978ರ ಜೂನ್ 11ರ ಅಧ್ಯಕ್ಷೀಯ ಆಜ್ಞೆ 1596ರಿಂದ.

ಈಗಿನ ನಿಯಮ ಇಷ್ಟು: ಕಾಂಗ್ರೆಸ್ಸಿನ ಕಾಯಿದೆ ಬೇಕು, ಸಂಬಂಧಪಟ್ಟ ಪ್ರದೇಶಗಳಲ್ಲಿ ಜನಮತಗಣನೆಯಲ್ಲಿ ಬಹುಮತ ಬರಬೇಕು. ಜನಸಂಖ್ಯೆ ಕನಿಷ್ಠ 25,000, ವಾರ್ಷಿಕ ಆದಾಯ 1991ರ ಬೆಲೆಯಲ್ಲಿ 25 ಲಕ್ಷ ಪೆಸೊ, ವಿಸ್ತೀರ್ಣ 50 ಚದರ ಕಿಲೋಮೀಟರ್. ಆದರೆ ದ್ವೀಪಗಳಿಂದಾದ ಪುರಸಭೆಗೆ ವಿಸ್ತೀರ್ಣದ ಷರತ್ತು ಇಲ್ಲ. ಕೆಲವೇ ಸಾವಿರ ಜನರ ದ್ವೀಪಗಳು ಪುರಸಭೆಯಾಗಿ ಹೇಗೆ ಉಳಿದವು ಎಂದು ಓದುಗರು ಕೇಳಿಯೇ ಕೇಳುತ್ತಾರೆ: ಸಂಹಿತೆಗೆ ಮೊದಲೇ ಇದ್ದವು ಹಾಗೆಯೇ ಮುಂದುವರಿದವು, ಷರತ್ತು ಹೊಸದಾಗಿ ಹುಟ್ಟುವವಕ್ಕೆ. ತಾವಿ-ತಾವಿಯ ಕಡೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸ್ವಾಯತ್ತ ಪ್ರದೇಶದ ಶಾಸನಸಭೆಯೂ ಪುರಸಭೆ ಸೃಷ್ಟಿಸಿದ್ದುಂಟು. 2006ರಲ್ಲಿ ಸಿತಾಂಕೈಯಿಂದ ಸಿಬುತು ಬೇರೆಯಾದದ್ದು ಹಾಗೆ. ಅಲ್ಲಿನ ಕಾಯಿದೆಯನ್ನು ಮನಿಲಾದ ಗಣರಾಜ್ಯ ಕಾಯಿದೆಗಳ ಪಟ್ಟಿಯಲ್ಲಿ ಹುಡುಕಿ ದಿನ ಕಳೆಯಬೇಡಿ.

ದಾಖಲೆ ಹುಡುಕುವ ಕ್ರಮ

ಹತ್ತಿರದ ಕಾಲದಿಂದ ಹಿಂದಕ್ಕೆ ಹೋಗಿ. ಮೊದಲು ಪುರಸಭೆಯನ್ನು ಸೃಷ್ಟಿಸಿದ ಕಾಯಿದೆಯ ಪೂರ್ಣ ಪಠ್ಯ. ಅದರಲ್ಲಿ ಯಾವ ಬಾರಿಯೊಗಳನ್ನು ಯಾವ ತಾಯಿ ಪುರಸಭೆಯಿಂದ ಕಿತ್ತು ಕೊಟ್ಟರು ಎಂಬ ಪಟ್ಟಿ ಇರುತ್ತದೆ. ತಾಯಿ ಪುರಸಭೆ ಗೊತ್ತಾದರೆ ಅದಕ್ಕಿಂತ ಹಿಂದಿನ ಕಾಗದವೆಲ್ಲ ಅದರ ಹೆಸರಿನಲ್ಲಿ ಸಿಗುತ್ತದೆ. ಬಾರಿಯೊಗಳೆಲ್ಲ ಬಾರಂಗಾಯ್ ಎನಿಸಿಕೊಂಡದ್ದು 1974ರ ಸೆಪ್ಟೆಂಬರ್ 21ರ ಅಧ್ಯಕ್ಷೀಯ ಆಜ್ಞೆ 557ರಿಂದ. ಅದಕ್ಕಿಂತ ಹಿಂದಿನ ಘಟನೆ ಹೇಳುವಾಗ ಬಾರಿಯೊ ಎಂದೇ ಬರೆಯಿರಿ.

ಮುಂದಿನದು 1903ರ ಗಣತಿ, ಬಾರಿಯೊ ಬಾರಿಯೊ ಲೆಕ್ಕ ಸಿಗುವ ಮೊದಲ ದೊಡ್ಡ ಆಕರ. ಆಮೇಲೆ 1918, 1939, 1948, 1960 ಹೀಗೆ ಸರಣಿ ಮುಂದುವರಿಯುತ್ತದೆ. ಜನಸಂಖ್ಯೆ ಹಠಾತ್ತನೆ ಅರ್ಧಕ್ಕಿಳಿದರೆ ಮೊದಲು ಗಡಿ ಬದಲಾಯಿತೇ ನೋಡಿ, ಆಮೇಲೆ ಕಾಲರಾ, ಯುದ್ಧ, ವಲಸೆ ಎಂದು ಯೋಚಿಸಿ.

ಮನಿಲಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ‘ಐತಿಹಾಸಿಕ ಮಾಹಿತಿ ಪತ್ರ’ಗಳು ಚಿಕ್ಕ ದ್ವೀಪದ ಮಟ್ಟಿಗೆ ನಿಧಿಯೇ ಸರಿ. ಅಧ್ಯಕ್ಷ ಕಿರಿನೊ 1951ರ ಡಿಸೆಂಬರ್ 7ರಂದು ಹೊರಡಿಸಿದ ಆದೇಶ 486ರಂತೆ ಶಾಲಾ ಶಿಕ್ಷಕರು ಬಾರಿಯೊ ಬಾರಿಯೊ ತಿರುಗಿ ಹಿರಿಯರಿಂದ ಬರೆದುಕೊಂಡದ್ದು ಇದು. ಮದುವೆ, ಸಾವಿನ ಆಚಾರ, ಗಾದೆ, ಯುದ್ಧದಲ್ಲಿ ಸುಟ್ಟ ಮನೆಗಳು, ಆಯಾ ಊರಿನ ಮುಖಂಡರ ಪಟ್ಟಿ ಎಲ್ಲ ಇರುತ್ತದೆ. ನಂಬಬೇಕಾದ್ದು ಹೇಳುವವರ ಬದುಕಿನ ಅವಧಿಗೆ ಸಿಕ್ಕಿದ್ದನ್ನು, ಅಂದರೆ ಸುಮಾರು 1880ರಿಂದ ಈಚಿನದನ್ನು. ಊರ ಹೆಸರಿನ ಕತೆಯನ್ನು ಕತೆಯಾಗಿಯೇ ಬಳಸಿ. ಸ್ಪೇನ್ ಸೈನಿಕ “ಇದು ಯಾವ ಊರು?” ಎಂದು ಕೇಳಿದ, ರೈತ ತಾನು ಮಾಡುತ್ತಿದ್ದ ಕೆಲಸದ ಹೆಸರು ಹೇಳಿದ, ಅದೇ ಊರಿಗೆ ಅಂಟಿತು! ಇಷ್ಟೊಂದು ಊರುಗಳಲ್ಲಿ ಸೈನಿಕರು ಹೀಗೆಯೇ ಕಿವುಡಾಗಿರಲಾರರು.

ಸ್ಪೇನ್ ಕಾಲಕ್ಕೆ ರಾಷ್ಟ್ರೀಯ ಪತ್ರಾಗಾರದ ‘ಎರೆಕ್ಸಿಯೋನೆಸ್ ದೆ ಲೋಸ್ ಪುವೆಬ್ಲೋಸ್’ ಕಟ್ಟುಗಳನ್ನು ಕೇಳಿ. ಪುವೆಬ್ಲೊ ಆಗಬೇಕೆಂದು ಊರಿನ ಪ್ರಮುಖರು ಬರೆದ ಅರ್ಜಿ, ಪಾದ್ರಿಯ ಅಭಿಪ್ರಾಯ, ತೆರಿಗೆ ಕೊಡುವವರ ಲೆಕ್ಕ, ಕೆಲವೊಮ್ಮೆ ಕೈಬರಹದ ನಕ್ಷೆ ಇರುತ್ತವೆ. ಅರ್ಜಿ ಹಾಕಿದ ವರ್ಷಕ್ಕೂ ಮಂಜೂರಾದ ವರ್ಷಕ್ಕೂ ದಶಕಗಳ ಅಂತರ ಇರಬಹುದು, ಕಟ್ಟಿನ ಕೊನೆಯ ಹಾಳೆ ನೋಡದೆ ವರ್ಷ ಬರೆಯಬೇಡಿ. ಗೊಬೆರ್ನಾದೊರ್ಸಿಯೊ ಚುನಾವಣೆಗಳ ಕಟ್ಟುಗಳು ಬೇರೆಯೇ ಇವೆ. ಪ್ಯಾರಿಷ್‌ನ ದೀಕ್ಷಾಸ್ನಾನ, ಮದುವೆ, ಸಾವಿನ ಪುಸ್ತಕಗಳು ಕಡಲ ದಾಳಿ, ಬೆಂಕಿ, ಚಂಡಮಾರುತಕ್ಕೆ ಸಿಕ್ಕು ಅಲ್ಲಲ್ಲಿ ಹರಿದಿರುತ್ತವೆ. ಸರ್ಕಾರಿ ಜನನ ಮರಣ ನೋಂದಣಿ ಇಂದಿನ ರೂಪಕ್ಕೆ ಬಂದದ್ದು ಕಾಯಿದೆ 3753 ಜಾರಿಯಾದ 1931ರಲ್ಲಿ.

ವಾದವಿರುವ ವಿಷಯಕ್ಕೆ ಲಿಮಾಸಾವಾ ಮಾದರಿ. ಸ್ಪೇನ್ ಪರ ಬಂದ ನಾವಿಕ ಮೆಗಲನ್‌ನ ತಂಡದ 1521ರ ಮಾರ್ಚ್ 31ರ ಈಸ್ಟರ್ ಪೂಜೆ, ಫಿಲಿಪೀನ್ಸ್‌ನ ಮೊದಲನೆಯದೆನ್ನುವುದು, ನಡೆದದ್ದು ದಕ್ಷಿಣ ಲೆಯ್ಟೆಯ ಈ ಪುಟ್ಟ ದ್ವೀಪದಲ್ಲೋ ಬುತುವಾನ್‌ನಲ್ಲೋ ಎಂಬ ಜಗಳ ಹಳೆಯದು. 1960ರ ಗಣರಾಜ್ಯ ಕಾಯಿದೆ 2733 ಲಿಮಾಸಾವಾವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ರಾಷ್ಟ್ರೀಯ ಚರಿತ್ರೆ ಆಯೋಗ ಹಲವು ಸಮಿತಿಗಳ ಬಳಿಕ 2020ರಲ್ಲೂ ಲಿಮಾಸಾವಾ ಎಂದೇ ಹೇಳಿತು. ಬರೆಯುವಾಗ ಆಯೋಗದ ನಿಲುವನ್ನು ಮೊದಲು, ಎದುರುವಾದವನ್ನು ಎರಡು ಸಾಲಿನಲ್ಲಿ ಆಮೇಲೆ ಕೊಡಿ. ಎರಡಕ್ಕೂ ಸಮಸಮ ಜಾಗ ಕೊಟ್ಟರೆ ಓದುಗರ ದಾರಿ ತಪ್ಪುತ್ತದೆ.

ಆಡಳಿತದ ಮೈಕಟ್ಟು

ಪುರಸಭೆಯ ಶಾಸನಸಭೆ ಸಂಗ್ಗುನಿಯಾಂಗ್ ಬಾಯಾನ್. ಉಪಮೇಯರ್ ಅದರ ಸಭಾಧ್ಯಕ್ಷ, ಚುನಾಯಿತ ಸದಸ್ಯರು 8. ಬಾರಂಗಾಯ್ ಮುಖ್ಯಸ್ಥರ ಒಕ್ಕೂಟದ ಅಧ್ಯಕ್ಷರು ಮತ್ತು ಯುವಜನ ಸಭೆಗಳ ಒಕ್ಕೂಟದ ಅಧ್ಯಕ್ಷರು ಪದನಿಮಿತ್ತ ಸದಸ್ಯರು. ಮೂಲನಿವಾಸಿ ಸಮುದಾಯವಿರುವ ಕಡೆ ಅವರ ಪ್ರತಿನಿಧಿಯೂ ಸೇರುತ್ತಾರೆ. ಮತಪತ್ರ ನೋಡಿ 8 ಎಂದು ಬರೆದವರಿಗೂ ಸಭೆಯ ಹಾಜರಿ ನೋಡಿ 10, 11 ಎಂದು ಬರೆದವರಿಗೂ ಇದರಿಂದಲೇ ತಾಳೆಯಾಗುವುದಿಲ್ಲ. ಬಾರಂಗಾಯ್‌ನಲ್ಲಿ ಪುನೊಂಗ್ ಬಾರಂಗಾಯ್ ಎಂಬ ಮುಖ್ಯಸ್ಥರು, ಕಗವಾದ್ ಎಂಬ 7 ಸದಸ್ಯರು, ಯುವಸಭೆಯ ಅಧ್ಯಕ್ಷರು. ಜನ ಮುಖ್ಯಸ್ಥರನ್ನು ಈಗಲೂ ಕಪಿತಾನ್ ಎಂದೇ ಕರೆಯುತ್ತಾರೆ. ಜಮೀನು, ಸಾಲ, ಬೈಗುಳದ ತಕರಾರು ಹೆಚ್ಚಿನವು ಮೊದಲು ಬರುವುದು ಬಾರಂಗಾಯ್‌ನ ಲುಪೊಂಗ್ ತಗಪಮಾಯಾಪಾ ಎಂಬ 10ರಿಂದ 20 ಜನರ ಸಂಧಾನ ಮಂಡಳಿಗೆ.

ದ್ವೀಪಕ್ಕೆ ಹೋದರೆ ಮೇಯರ್ ಕಚೇರಿಯಲ್ಲಿ ಮೊದಲು ಪತ್ರ ಕೊಟ್ಟು ಮುಖ ತೋರಿಸುವುದು ವಾಡಿಕೆ. ಆದರೆ ಕೆಲಸ ಆಗುವುದು ಎರಡು ಮೇಜುಗಳಲ್ಲಿ. ಯೋಜನಾ ಸಂಯೋಜಕರ ಬಳಿ ಭೂಬಳಕೆ ಯೋಜನೆ, ಪರಿಸರ ಮತ್ತು ಜನಜೀವನದ ವಿವರ ಇರುತ್ತದೆ. ಸಂಗ್ಗುನಿಯಾಂಗ್ ಬಾಯಾನ್ ಕಾರ್ಯದರ್ಶಿ ಬಳಿ ಉಪವಿಧಿಗಳು, ನಿರ್ಣಯಗಳು, ಸಭೆಯ ನಡಾವಳಿ. ಗೌಪ್ಯವಲ್ಲದ ದಾಖಲೆಯನ್ನು ಕಚೇರಿ ವೇಳೆಯಲ್ಲಿ ಸಾರ್ವಜನಿಕರಿಗೆ ತೆರೆದಿಡುವುದು, ಶುಲ್ಕ ಪಡೆದು ದೃಢೀಕೃತ ನಕಲು ಕೊಡುವುದು ಕಾರ್ಯದರ್ಶಿಯ ಕರ್ತವ್ಯವೆಂದು ಸಂಹಿತೆಯ 469ನೇ ಕಲಮೇ ಹೇಳುತ್ತದೆ. ಇದನ್ನು ಉಲ್ಲೇಖಿಸಿ ಕೇಳಿ. 2016ರ ಮಾಹಿತಿ ಸ್ವಾತಂತ್ರ್ಯ ಆದೇಶವನ್ನು ಉಲ್ಲೇಖಿಸಿದರೆ ಉಪಯೋಗವಿಲ್ಲ; ಅದು ರಾಷ್ಟ್ರೀಯ ಕಾರ್ಯಾಂಗಕ್ಕೆ ಸಂಬಂಧಿಸಿದ್ದು, ಸ್ಥಳೀಯ ಸರ್ಕಾರಗಳಿಗೆ ಬರೀ ಉತ್ತೇಜನ.

ಉಪವಿಧಿ ಓದುವಾಗ ಅಂಗೀಕಾರದ ದಿನವನ್ನೇ ಜಾರಿಯ ದಿನ ಎನ್ನಬೇಡಿ. ಮೇಯರ್‌ಗೆ ತಡೆಹಿಡಿಯಲು 10 ದಿನ ಇದೆ, ಸಭೆ ಮೂರನೇ ಎರಡರಷ್ಟು ಮತದಿಂದ ಅದನ್ನು ಮೀರಬಹುದು. ಬಳಿಕ ಪ್ರಾಂತ್ಯ ಸಭೆಯ ಪರಿಶೀಲನೆ; 30 ದಿನದಲ್ಲಿ ಅದು ಏನೂ ಹೇಳದಿದ್ದರೆ ಸಿಂಧು ಎಂದೇ ಲೆಕ್ಕ. ಪುರಸಭೆ ತನ್ನ ಉಪವಿಧಿಯಲ್ಲಿ ಹಾಕಬಹುದಾದ ಗರಿಷ್ಠ ದಂಡ 2,500 ಪೆಸೊ, ಜೈಲು ಆರು ತಿಂಗಳು. ಅದಕ್ಕೂ ಮೇಲಿನ ದಂಡ ಸುದ್ದಿಯಲ್ಲಿ ಕಂಡರೆ ಹಿಂದೆ ಬೇರೊಂದು ರಾಷ್ಟ್ರೀಯ ಕಾಯಿದೆ ಇದೆಯೇ ನೋಡಿ.

ದುಡ್ಡು ಎಲ್ಲಿಂದ

ಪುಟ್ಟ ದ್ವೀಪ ಪುರಸಭೆ ಬದುಕುವುದು ಹೆಚ್ಚಾಗಿ ರಾಷ್ಟ್ರೀಯ ತೆರಿಗೆ ಪಾಲಿನಿಂದ. ಸಂಗ್ರಹದ 40 ಶೇಕಡಾ ಸ್ಥಳೀಯ ಸರ್ಕಾರಗಳಿಗೆ. ಅದರಲ್ಲಿ ಪುರಸಭೆಗಳಿಗೆ 34, ಪ್ರಾಂತ್ಯಗಳಿಗೆ 23, ನಗರಗಳಿಗೆ 23, ಬಾರಂಗಾಯ್‌ಗಳಿಗೆ 20 ಶೇಕಡಾ. ಪುರಸಭೆಗಳ ನಡುವೆ ಹಂಚುವಾಗ ಜನಸಂಖ್ಯೆಗೆ 50, ಭೂವಿಸ್ತೀರ್ಣಕ್ಕೆ 25, ಸಮಪಾಲಿಗೆ 25. ಜನವೂ ಕಡಿಮೆ, ನೆಲವೂ ಕಡಿಮೆ ಇರುವ ದ್ವೀಪವನ್ನು ಕಾಪಾಡುವುದು ಆ ಕೊನೆಯ ಸಮಪಾಲು. ಸಮುದ್ರ ಎಷ್ಟೇ ದೊಡ್ಡದಿದ್ದರೂ ಈ ಸೂತ್ರದಲ್ಲಿ ಅದಕ್ಕೆ ಬೆಲೆಯಿಲ್ಲ. ಗಸ್ತು ದೋಣಿ, ಇಂಧನ, ರೋಗಿಯನ್ನು ದೊಡ್ಡ ದ್ವೀಪಕ್ಕೆ ಸಾಗಿಸುವ ಖರ್ಚು ಮಾತ್ರ ಸಮುದ್ರದ್ದೇ.

ಸುಪ್ರೀಂ ಕೋರ್ಟಿನ ಮಂದಾನಾಸ್ ತೀರ್ಪಿನ ಬಳಿಕ, 2022ರಿಂದ, ಈ ಪಾಲನ್ನು ಆಂತರಿಕ ಕಂದಾಯದ ಮೇಲಷ್ಟೇ ಅಲ್ಲ, ಸುಂಕ ಮುಂತಾದ ಎಲ್ಲ ರಾಷ್ಟ್ರೀಯ ತೆರಿಗೆಗಳ ಮೇಲೆ ಲೆಕ್ಕ ಹಾಕುತ್ತಾರೆ. ‘ಆಂತರಿಕ ಕಂದಾಯ ಪಾಲು’ ಎಂಬ ಹಳೆಯ ಹೆಸರೂ ಬದಲಾಯಿತು. ಲೆಕ್ಕಕ್ಕೆ ಹಿಡಿಯುವುದು ಮೂರು ವರ್ಷ ಹಿಂದಿನ ಸಂಗ್ರಹ. ದೇಶದ ಒಟ್ಟು ಪಾಲು 2022ರ ಸುಮಾರು 959 ಶತಕೋಟಿ ಪೆಸೊದಿಂದ 2023ರಲ್ಲಿ ಸುಮಾರು 820ಕ್ಕೆ ಇಳಿಯಲು ಕಾರಣ 2020ರ ಕೊರೊನಾ ವರ್ಷ. ಇದು ಗೊತ್ತಿಲ್ಲದವರು 2023ರ ಕುಸಿತಕ್ಕೆ ಆ ಊರಿನ ಮೇಯರ್‌ನನ್ನು ದೂರುತ್ತಾರೆ. ಪಾಲಿನ 20 ಶೇಕಡಾ ಅಭಿವೃದ್ಧಿ ಕಾಮಗಾರಿಗೆ ಮೀಸಲು. ವಿಪತ್ತು ನಿಧಿಗೆ ಆದಾಯದ ಕನಿಷ್ಠ 5 ಶೇಕಡಾ, ಅದರಲ್ಲಿ 30 ಶೇಕಡಾ ತುರ್ತು ಪರಿಹಾರಕ್ಕೆ. ಸಂಬಳದ ಖರ್ಚಿಗೆ ಆದಾಯದ ಲೆಕ್ಕದಲ್ಲಿ ಮೊದಲ ಮೂರು ವರ್ಗದ ಪುರಸಭೆಗಳಲ್ಲಿ 45, ಕೆಳಗಿನವುಗಳಲ್ಲಿ 55 ಶೇಕಡಾ ಮಿತಿ. ಹಳೆಯ ಪುಟಗಳಲ್ಲಿ ‘ಆರನೇ ವರ್ಗ’ ಎಂದಿದ್ದರೆ ಹಾಗೆಯೇ ನಕಲು ಮಾಡಬೇಡಿ, 2023ರ ಗಣರಾಜ್ಯ ಕಾಯಿದೆ 11964 ವರ್ಗಗಳನ್ನು ಐದಕ್ಕೆ ಇಳಿಸಿದೆ.

ಖರ್ಚು ನಿಜಕ್ಕೂ ಹೇಗಾಯಿತು ಎಂಬುದಕ್ಕೆ ಲೆಕ್ಕಪರಿಶೋಧನಾ ಆಯೋಗದ ವಾರ್ಷಿಕ ವರದಿ. ಅಂಕಿ ಪುಟಗಳಿಗಿಂತ ಮೊದಲು ಪರಿಶೋಧಕರ ಆಕ್ಷೇಪಗಳ ಭಾಗ, ಅದರ ಹಿಂದೆಯೇ ಇರುವ ಹಿಂದಿನ ವರ್ಷದ ಸಲಹೆಗಳ ಸ್ಥಿತಿ ಓದಿ. ಒಂದೇ ಆಕ್ಷೇಪ ವರ್ಷ ವರ್ಷವೂ ‘ಜಾರಿಯಾಗಿಲ್ಲ’ ಎಂದು ಮರಳಿ ಬರುತ್ತಿದ್ದರೆ ಬರೆಯಬೇಕಾದ ವಿಷಯ ಅಲ್ಲೇ ಇದೆ.

ನೀರಿನ ಗಡಿ

ಪುರಸಭಾ ಜಲ ತೀರದಿಂದ 15 ಕಿಲೋಮೀಟರ್‌ವರೆಗೆ. ಎದುರುಬದುರು ಪುರಸಭೆಗಳ ನಡುವೆ ಎರಡಕ್ಕೂ ಅಷ್ಟಷ್ಟು ಜಾಗವಿಲ್ಲದಿದ್ದರೆ ನಡುರೇಖೆಯೇ ಗಡಿ. ಇದರೊಳಗೆ ಮೀನುಗಾರಿಕೆಯ ಪರವಾನಗಿ, ಶುಲ್ಕ, ಅಭಯವಲಯ ಎಲ್ಲ ಪುರಸಭೆಯ ಕೈಯಲ್ಲಿ, 3 ಟನ್ ಮೀರದ ದೋಣಿಗಳಿಗೆ ಆದ್ಯತೆ. ನಕ್ಷೆ ಬರೆದುಕೊಡುವುದು ರಾಷ್ಟ್ರೀಯ ನಕ್ಷೆ ಸಂಸ್ಥೆ, ಗಡಿಯನ್ನು ಅಂಗೀಕರಿಸುವುದು ಪುರಸಭೆಯ ಉಪವಿಧಿ. ದೂರದ ಕಿರುದ್ವೀಪಗಳಿರುವ ಪುರಸಭೆಯಲ್ಲಿ ಅಳತೆ ಮುಖ್ಯ ದ್ವೀಪದಿಂದಲೋ ಹೊರಗಿನ ಕಿರುದ್ವೀಪದಿಂದಲೋ ಎಂಬುದು ಹಳೆಯ ವ್ಯಾಜ್ಯ. ಆದ್ದರಿಂದ 15 ಕಿಲೋಮೀಟರ್ ವೃತ್ತ ನೀವೇ ಎಳೆದು ಪ್ರಕಟಿಸಬೇಡಿ. ವಾಣಿಜ್ಯ ದೋಣಿಗಳ ಪ್ರವೇಶದ ಬಗ್ಗೆ ಇತ್ತೀಚೆಗೂ ಕೋರ್ಟಿನಲ್ಲಿ ವಾದಗಳು ನಡೆದಿವೆ, ಬರೆಯುವ ವಾರದ ಸ್ಥಿತಿ ನೋಡಿಕೊಂಡೇ ಬರೆಯಿರಿ.

ಮೇಯರ್‌ಗಳ ಪಟ್ಟಿ

ಕೊನೆಗೆ ಎಲ್ಲರೂ ಮಾಡಲು ಹೋಗುವ, ಹೆಚ್ಚಿನವರು ಕೆಡಿಸುವ ಪಟ್ಟಿ ಇದು. ಅವಧಿ 3 ವರ್ಷ, ಜೂನ್ 30ರ ಮಧ್ಯಾಹ್ನ ಶುರು, ಸತತ ಮೂರು ಸಲಕ್ಕಿಂತ ಹೆಚ್ಚಿಲ್ಲ. ಆದರೆ ಇದು ಈಚಿನ ನಿಯಮ, ಹಿಂದಕ್ಕೆ ಎಳೆದರೆ ಲೆಕ್ಕ ತಪ್ಪುತ್ತದೆ. 1971ರ ನವೆಂಬರ್ ಬಳಿಕ ಸ್ಥಳೀಯ ಚುನಾವಣೆ ನಡೆದದ್ದು 1980ರ ಜನವರಿ 30ರಂದು. ನಡುವಿನ ಮೇಯರ್‌ಗಳು ಮುಂದುವರಿದವರು ಅಥವಾ ನೇಮಕವಾದವರು. 1986ರ ಫೆಬ್ರುವರಿ ಕ್ರಾಂತಿಯ ನಂತರ ಹಲವೆಡೆ ಹಳಬರನ್ನು ಇಳಿಸಿ ಪ್ರಭಾರಿಗಳನ್ನು ಕೂರಿಸಿದರು, ಚುನಾಯಿತರು ಬಂದದ್ದು 1988ರ ಜನವರಿ 18ರ ಚುನಾವಣೆಯ ಮೇಲೆ. ಜಪಾನೀ ಆಕ್ರಮಣದ ಕಾಲದಲ್ಲಿ ಒಂದೇ ಊರಿಗೆ ಇಬ್ಬರು ಮೇಯರ್‌ಗಳಿದ್ದದ್ದೂ ಉಂಟು, ಒಬ್ಬ ಜಪಾನೀಯರು ಕೂರಿಸಿದವನು, ಇನ್ನೊಬ್ಬ ಗುಡ್ಡದ ಗೆರಿಲ್ಲಾಗಳ ಕಡೆಯವನು. ಪ್ರತಿ ಹೆಸರಿನ ಮುಂದೆ ‘ಚುನಾಯಿತ’, ‘ನೇಮಕ’, ‘ಪ್ರಭಾರ’ ಎಂದು ಗುರುತಿಸಿ.

ಒಂದೇ ಕುಲನಾಮ ಪಟ್ಟಿಯ ತುಂಬ ಕಂಡರೆ ವಂಶಾಡಳಿತ ಎಂದು ಬರೆಯುವ ಆಸೆ ಆಗುತ್ತದೆ. ಹಲವೆಡೆ ಅದು ನಿಜವೂ ಹೌದು. ಆದರೆ 1849ರ ನವೆಂಬರ್ 21ರಂದು ಗವರ್ನರ್ ಕ್ಲಾವೆರಿಯಾ ಕುಲನಾಮಗಳ ಪಟ್ಟಿ ಕಳಿಸಿ ಹಂಚಿಸಿದಾಗ ಕೆಲವು ಊರುಗಳಿಗೆ ಪಟ್ಟಿಯ ಒಂದೆರಡು ಹಾಳೆ ಮಾತ್ರ ಸಿಕ್ಕಿತು. ಬಾಂಟೋನ್‌ನಲ್ಲಿ ಇವತ್ತಿಗೂ ಕುಲನಾಮಗಳು ಹೆಚ್ಚಾಗಿ ‘ಫ’ದಿಂದಲೇ ಶುರು. ಹೆಸರು ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಇಬ್ಬರನ್ನು ಅಣ್ಣತಮ್ಮ ಮಾಡಬೇಡಿ. ತಾಯಿಯ ಕುಲನಾಮವಾಗಿ ನಡುವೆ ಬರುವ ಹೆಸರನ್ನೂ ನೋಡಿ, ನೋಂದಣಿ ಪುಸ್ತಕದಲ್ಲಿ ಸಂಬಂಧ ಖಚಿತವಾದ ಮೇಲೆಯೇ ಆ ಸಾಲು ಬರೆಯಿರಿ.